ಕೊಂಡವರು ರೊಕ್ಕ ವಾಪಸ್ ಕೇಳಿದಾಗ

ಬೆಂಗಳೂರಿಗೆ ಕಳುಹಿಸಿದ 25 ಖಡಕ್ ರೊಟ್ಟಿಗಳ ಪಾರ್ಸೆಲ್ ತಲುಪಿದ ಮರುದಿನ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಬರುತ್ತದೆ. ತಾಟಿನ ತುಂಬ ರೊಟ್ಟಿಯ ಚೂರುಗಳು, ಕೆಳಗೆ, "ಅಕ್ಕಾರ, ರೊಟ್ಟಿ ಎಲ್ಲಾ ಮುರದಾವ್ರಿ. ರೊಕ್ಕ ವಾಪಸ್ ಹಾಕ್ರಿ" ಎಂಬ ಎರಡು ಸಾಲು. ಕಲಬುರಗಿಯಲ್ಲಿ ಮನೆಯಿಂದಲೇ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ ಮಾರುವವರಿಗೂ ಬೀದರಿನಲ್ಲಿ ಕುಳಿತು ಬಿದರಿ ಸಾಮಾನನ್ನು ಊರೂರಿಗೆ ಕಳುಹಿಸುವವರಿಗೂ ಇಂತಹ ಸಂದೇಶ ಇಂದಲ್ಲ ನಾಳೆ ಬಂದೇ ಬರುತ್ತದೆ. ಅದನ್ನು ಓದಿದ ಕೂಡಲೇ ಕೆಲವರು ಸಿಟ್ಟಿನಿಂದ "ನಾವು ಕಳಿಸುವಾಗ ಸರಿಯೇ ಇತ್ತು" ಎಂದು ಬರೆದುಬಿಡುತ್ತಾರೆ; ಇನ್ನು ಕೆಲವರು ಕೆಟ್ಟ ರೇಟಿಂಗ್ ಬಂದೀತೆಂದು ಹೆದರಿ, ಏನನ್ನೂ ನೋಡದೆ ಹಣ ಹಾಕಿಬಿಡುತ್ತಾರೆ. ಎರಡರಿಂದಲೂ ನಷ್ಟವೇ.

ಮೊದಲು ಉತ್ತರ, ತೀರ್ಮಾನ ಆಮೇಲೆ

2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಗಳೊಳಗೆ ಅದು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು. ಮನೆಯಲ್ಲಿದ್ದ ಹಳೆಯ ಕಪಾಟನ್ನು ಒಮ್ಮೆ ಮಾರಿದವರಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಆದರೆ ವಾರವಾರವೂ ರೊಟ್ಟಿ ಮಾರುವವರು, ಅಂಗಡಿ ಇಲ್ಲದಿದ್ದರೂ, ನಿಯಮಿತವಾಗಿ ವ್ಯಾಪಾರ ಮಾಡುವವರೇ ಆಗಿರುವುದರಿಂದ ತಮಗೆ ಇದರ ಗೊಡವೆ ಇಲ್ಲವೆಂದು ತಿಳಿಯಬಾರದು. ಮೊದಲ ಉತ್ತರ ಉದ್ದವಾಗಿರಬೇಕಾಗಿಲ್ಲ. "ನಮಸ್ಕಾರ್ರಿ, ನಿಮ್ಮ ಮೆಸೇಜು ನೋಡಿದೆ. ಪಾರ್ಸೆಲ್ ಮೇಲಿನ ಚೀಟಿ, ಡಬ್ಬಿಯ ಹೊರಭಾಗ, ಒಳಗಿನ ಸಾಮಾನು, ಹೀಗೆ ಮೂರು ಫೋಟೊ ಕಳಿಸ್ರಿ. ನಾಳೆ ಸಂಜಿಯೊಳಗ ಹೇಳತೀನಿ" ಎಂದರೆ ಸಾಕು. ಇದರಲ್ಲಿ ತಪ್ಪೊಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಹೇಳಿದ ಗಡುವನ್ನು ಮಾತ್ರ ಮೀರಬಾರದು.

ದೋಷವೋ, ಮನಸ್ಸು ಬದಲಾದದ್ದೋ?

ಇದೇ ಇಡೀ ಕೆಲಸದ ತಿರುಳು. ಸಾಮಾನು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ವಿವರಣೆಯಲ್ಲಿ ಹೇಳಿದಂತೆ ಇಲ್ಲದಿದ್ದರೆ ಅಥವಾ ಹೇಳಿದ ದಿನ ಮೀರಿ ತಲುಪಿದ್ದರೆ, ಅದನ್ನು ವಾಪಸ್ ಪಡೆಯುವುದಿಲ್ಲ, ಹಣ ಕೊಡುವುದಿಲ್ಲ ಎಂದು ಮಾರಾಟಗಾರರು ಹೇಳುವಂತಿಲ್ಲ. ಪ್ರವಾಹದಂತಹ ಕೈಮೀರಿದ ಕಾರಣದಿಂದ ತಡವಾಗಿದ್ದರೆ ಮಾತ್ರ ವಿನಾಯಿತಿ ಉಂಟು. "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದರೂ ದೋಷದ ಮಾಲಿಗೆ ಅದು ನಡೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್ಲಿನಲ್ಲಿ ಅವಧಿ ನಮೂದಿಸಿರದಿದ್ದಲ್ಲಿ ದೋಷದ ಮಾಲನ್ನು 30 ದಿನಗಳೊಳಗೆ ವಾಪಸ್ ಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ಗ್ರಾಹಕರು ಮನಸ್ಸು ಬದಲಾಯಿಸಿದ್ದರೆ ಮಾತು ಬೇರೆ. ಅಲ್ಲಿ ನೀವು ಮೊದಲೇ ಪ್ರಕಟಿಸಿದ ಷರತ್ತೇ ನಡೆಯುತ್ತದೆ. ಷರತ್ತನ್ನು ಮೊದಲೇ ಬರೆದಿರಬೇಕು, ಅಷ್ಟೆ.

ಬಿದರಿ ಹೂಜಿಯೊಂದನ್ನು ನೋಡಿ. "ಬೆಳ್ಳಿ ಗೆರೆ ಮಂಕಾಗಿದೆ, ಇದು ನಕಲಿ" ಎಂದು ದೂರು ಬಂದರೆ ಅದು ದೋಷವಲ್ಲ. ಗಾಳಿಗೆ ಬೆಳ್ಳಿ ಕಾಲಕ್ರಮದಲ್ಲಿ ಮಂಕಾಗುವುದು ಸಹಜ, ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೊಳಪು ಮರಳುತ್ತದೆ. ಆದರೆ ಕೂರಿಸಿದ ಬೆಳ್ಳಿ ತಂತಿಯೇ ಎದ್ದು ಬಂದಿದ್ದರೆ ಅದು ಕೆಲಸದ ದೋಷ, ವಾದಕ್ಕೆ ಇಳಿಯದೆ ಒಪ್ಪಿಕೊಳ್ಳಬೇಕು. ಮೂರನೆಯ ಬಗೆಯೊಂದಿದೆ, ನನ್ನ ಲೆಕ್ಕದಲ್ಲಿ ಹೆಚ್ಚು ಜಗಳ ಹುಟ್ಟುವುದು ಅಲ್ಲೇ: ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕುಸುರಿ ಮಾಡಿದ ವಸ್ತುವನ್ನು "ಬೆಳ್ಳಿ ಹೂಜಿ" ಎಂದಷ್ಟೇ ಬರೆದು ಮಾರಿದ್ದರೆ, ಅಪ್ಪಟ ಬೆಳ್ಳಿಯೆಂದು ನಂಬಿ ಕೊಂಡವರು ಹಣ ಕೇಳುವುದು ನ್ಯಾಯವೇ. ಕುಶಲಕರ್ಮಿಯ ಕೈ ಎಷ್ಟೇ ಸೊಗಸಾಗಿದ್ದರೂ ಇಲ್ಲಿ ತಪ್ಪಿದ್ದು ವಿವರಣೆ ಬರೆದ ಕೈ. ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ತರಿಸಿದ ಕಪ್ಪು ಬಣ್ಣವನ್ನು ಹುಣಸೆಹಣ್ಣಿನಿಂದ ತಿಕ್ಕಿ ಹಾಳು ಮಾಡಿಕೊಂಡವರೂ ಇರುತ್ತಾರೆ. "ಹುಣಸೆ, ಪಾಲಿಶ್ ಪುಡಿ ಬಳಸಬೇಡಿ" ಎಂಬ ಚೀಟಿಯನ್ನು ಡಬ್ಬಿಯಲ್ಲಿ ಇಟ್ಟಿದ್ದರೆ ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಪುರಾವೆ

ಪ್ಯಾಕ್ ಮಾಡುವಾಗ ವಿಳಾಸದ ಚೀಟಿ ಕಾಣುವಂತೆ ಅರ್ಧ ನಿಮಿಷದ ವಿಡಿಯೊ ತೆಗೆದು, ಆರ್ಡರ್ ಸಂಖ್ಯೆಯ ಹೆಸರಿನಲ್ಲಿ ಉಳಿಸಿಡಿ. ಬೇಳೆಯಾದರೆ ತಕ್ಕಡಿಯ ಅಂಕಿಯೂ ಅದರಲ್ಲಿ ಕಾಣಲಿ. ವಾಪಸ್ ಬಂದ ಪಾರ್ಸೆಲನ್ನೂ ಹೀಗೆಯೇ ಕ್ಯಾಮೆರಾದ ಮುಂದೆ ತೆರೆಯಬೇಕು, ಏಕೆಂದರೆ ಸಾಮಾನಿನ ಬದಲು ಹಳೆಯ ಬಟ್ಟೆ ತುಂಬಿದ ಡಬ್ಬಿ ಬರುವುದು ಅಪರೂಪವೇನಲ್ಲ. ದೊಡ್ಡ ಮಾರಾಟ ತಾಣಗಳ ಮೂಲಕ ಮಾರುವವರು ಇಂತಹ ದೂರನ್ನು ತಾಣವು ಗೊತ್ತುಪಡಿಸಿದ ಗಡುವಿನೊಳಗೆ ಸಲ್ಲಿಸದಿದ್ದರೆ ವಿಡಿಯೊ ಇದ್ದೂ ಪ್ರಯೋಜನವಿಲ್ಲ.

ಸಾಮಾನು ವಾಪಸ್ ತರಿಸಬೇಕೇ?

ರೊಟ್ಟಿಯ ಬೆಲೆ 250 ರೂಪಾಯಿ, ಕೊರಿಯರ್ ಒಂದು ಕಡೆಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ಮುರಿದ ರೊಟ್ಟಿಯನ್ನು ವಾಪಸ್ ತರಿಸಲು ಇನ್ನೂ 90 ರೂಪಾಯಿ ಸುರಿದರೆ ಕೈಗೆ ಬರುವುದು ಯಾರಿಗೂ ಮಾರಲಾಗದ ಚೂರು. ತಿನ್ನುವ ಪದಾರ್ಥವನ್ನು ವಾಪಸ್ ಕೇಳಲೇಬಾರದು ಎನ್ನುವುದು ನನ್ನ ಅಭಿಪ್ರಾಯ. ನಾಲ್ಕೈದು ರೊಟ್ಟಿ ಮಾತ್ರ ಮುರಿದಿದ್ದರೆ ಅಷ್ಟರ ಹಣವನ್ನಷ್ಟೇ ಕೊಡುತ್ತೇವೆಂದು ಹೇಳಿ ನೋಡಬಹುದು. ನಮ್ಮ ಕಡೆಯವರಾದರೆ "ಇರಲಿ ಬಿಡ್ರಿ, ಮುಟಗಿ ಮಾಡಕೋತೀವಿ" ಎಂದು ಚೂರನ್ನೇ ಕುಟ್ಟಿ ತಿನ್ನುವವರೂ ಇದ್ದಾರೆ. ಎಲ್ಲವೂ ಪುಡಿಯಾಗಿದ್ದರೆ ಪೂರ್ತಿ ಹಣ, ಇಲ್ಲವೇ ಹೊಸ ಪಾರ್ಸೆಲ್, ಯಾವುದು ಬೇಕೆಂದು ಅವರನ್ನೇ ಕೇಳಬೇಕು. ಬಿದರಿಯಂತಹ ದುಬಾರಿ ಸಾಮಾನನ್ನು ಮಾತ್ರ ತರಿಸಿ, ಪರೀಕ್ಷಿಸಿ, ಅನಂತರ ಹಣ ಕೊಡುವುದು ಸರಿ. ದೋಷ ನಿಮ್ಮದಾದರೆ ಸಾಗಣೆ ವೆಚ್ಚವನ್ನೂ ನೀವೇ ಭರಿಸಬೇಕು.

ಹಣ ಬಂದ ದಾರಿಯಲ್ಲೇ ಹೋಗಲಿ

ಪೇಮೆಂಟ್ ಗೇಟ್‌ವೇ ಮೂಲಕ ಬಂದ ಹಣವನ್ನು ಅಲ್ಲಿನ ರೀಫಂಡ್ ಗುಂಡಿ ಒತ್ತಿಯೇ ಕಳುಹಿಸಬೇಕು; ಆಗ ಅದು ಕೊಟ್ಟವರ ಖಾತೆಗೇ ಸೇರುತ್ತದೆ. ಒಬ್ಬರು ಹಣ ಕಟ್ಟಿ, "ನಮ್ಮ ತಮ್ಮನ ನಂಬರಿಗೆ ಹಾಕಿ" ಎಂದರೆ ವಿನಯದಿಂದಲೇ ನಿರಾಕರಿಸಬೇಕು. ಮನೆಬಾಗಿಲಲ್ಲಿ ನಗದು ಪಡೆದ ಆರ್ಡರ್ ಆಗಿದ್ದರೆ, ಯುಪಿಐ ಐಡಿ ಬರೆಯಿಸಿಕೊಂಡು, ಆ್ಯಪ್ ತೋರಿಸುವ ಹೆಸರು ಬಿಲ್ಲಿನ ಹೆಸರಿನೊಂದಿಗೆ ಹೊಂದುತ್ತದೆಯೇ ಎಂದು ನೋಡಿದ ಮೇಲೆಯೇ ಹಣ ಹಾಕಬೇಕು.

ಮೋಸವೂ ಇದೇ ದಾರಿಯಲ್ಲಿ ಬರುತ್ತದೆ. "500 ರೂಪಾಯಿ ಹಾಕುವ ಬದಲು 5,000 ಹಾಕಿಬಿಟ್ಟೆ, 4,500 ವಾಪಸ್ ಕಳಿಸಿ, ಆಸ್ಪತ್ರೆಯಲ್ಲಿದ್ದೇನೆ" ಎಂದು ಫೋನು ಬರುತ್ತದೆ, ಜೊತೆಗೆ ಬ್ಯಾಂಕಿನದ್ದೇ ಎನಿಸುವ ಎಸ್ಎಂಎಸ್ ಕೂಡ. ಎಸ್ಎಂಎಸ್ ಅಥವಾ ಸ್ಕ್ರೀನ್‌ಶಾಟ್ ನಂಬದೆ, ಬ್ಯಾಂಕ್ ಖಾತೆಯಲ್ಲಿ ಹಣ ಜಮೆಯಾಗಿದೆಯೇ ಎಂದು ನೀವೇ ನೋಡಬೇಕು. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ. ಪಿನ್ ಕೇಳಿತೆಂದರೆ ಹಣ ನಿಮ್ಮಿಂದ ಹೋಗುತ್ತಿದೆ ಎಂದೇ ಅರ್ಥ. ಮೋಸ ಹೋದದ್ದು ಗೊತ್ತಾದ ಕೂಡಲೇ, ಹೊತ್ತು ಕಳೆಯದೆ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಬರೆದಿಡುವುದು

ಜಿಎಸ್‌ಟಿ ನೋಂದಣಿ ಇರುವವರು ಮಾಲು ವಾಪಸ್ ಬಂದಾಗ ಕ್ರೆಡಿಟ್ ನೋಟ್ (ಮೂಲ ಬಿಲ್ಲಿನ ಮೊತ್ತ ಇಷ್ಟು ಕಡಿಮೆಯಾಯಿತು ಎಂದು ತೋರಿಸುವ ಚೀಟಿ) ಮಾಡಬೇಕು. ಉಳಿದದ್ದನ್ನು ಲೆಕ್ಕಪತ್ರ ನೋಡುವವರಿಗೆ ಬಿಡಬಹುದು. ನೋಂದಣಿ ಇರಲಿ, ಇಲ್ಲದಿರಲಿ, ಆರ್ಡರ್ ಸಂಖ್ಯೆ, ದೂರು ಬಂದ ದಿನ, ಕಾರಣ, ಕೊಟ್ಟ ಹಣ, ವ್ಯವಹಾರದ ಸಂಖ್ಯೆ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಪಕ್ಷದಲ್ಲಿ ಉತ್ತರ ಕೊಡಲು ಈ ಪುಟವೇ ಆಧಾರ. ಎರಡು ತಿಂಗಳಾದ ಮೇಲೆ ಕಾರಣದ ಕಾಲಂ ಮೇಲೆ ಒಮ್ಮೆ ಕಣ್ಣಾಡಿಸಿದರೆ, "ಮುರಿದಿದೆ" ಎಂಬ ಮಾತೇ ಮತ್ತೆ ಮತ್ತೆ ಕಾಣಬಹುದು. ಹಾಗಿದ್ದರೆ ದೂರು ಇರುವುದು ಡಬ್ಬಿಯದ್ದು. ರೊಟ್ಟಿಯ ಅಳತೆಗೆ ಸರಿಹೊಂದುವ ಗಟ್ಟಿ ರಟ್ಟಿನ ಡಬ್ಬಿ ತಂದು, ಸುತ್ತಲಿನ ಸಂದಿಯಲ್ಲಿ ಕಾಗದ ತುರುಕಿ, ಟೇಪು ಹಚ್ಚುವ ಮೊದಲು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡಿ; ಒಳಗಿನಿಂದ ಕಟಕಟ ಸದ್ದು ಬಂದರೆ ಮತ್ತೆ ಬಿಚ್ಚಿ ಇನ್ನಷ್ಟು ಕಾಗದ ತುಂಬಿ.