ಕಾಡಿನ ಲಾವಂಚ, ಹೊಲದ ಲಾವಂಚ: ಎಣ್ಣೆಯನ್ನು ಹೋಲಿಸುವುದು ಹೇಗೆ?

ಬೇಸಿಗೆಯಲ್ಲಿ ಮಡಕೆಯ ನೀರಿಗೆ ಹಾಕುವ ಲಾವಂಚದ ಬೇರು ಆಯುರ್ವೇದದಲ್ಲಿ ಉಶೀರವೆಂದು ಹೆಸರಾದ ಔಷಧಿ. ಅದನ್ನು ಬಟ್ಟಿ ಇಳಿಸಿದಾಗ ಸಿಗುವ ಎಣ್ಣೆ ಸುಗಂಧದ್ರವ್ಯಗಳಿಗೆ ಬೇಕು. ರಾಜಸ್ಥಾನದ ಭರತ್‌ಪುರದಂತಹ ಕಡೆ ತಾನಾಗಿ ಬೆಳೆದ ಲಾವಂಚದಿಂದ ತೆಗೆದ ‘ರೂಹ್ ಖಸ್’ ಏಕೆ ಮೇಲು ಎಂದು ಕೇಳಿದರೆ, ‘ಅದು ಕಾಡಿನದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಸಾಲದು. ಉತ್ತರದ ಕಾಡು ಲಾವಂಚವೂ ದಕ್ಷಿಣದಲ್ಲಿ ಬೇಸಾಯ ಮಾಡುವ ಲಾವಂಚವೂ ಒಂದೇ ಜಾತಿಯ ಹುಲ್ಲಾದರೂ ಬಗೆ ಬೇರೆ: ಮೊದಲನೆಯದು ಬೀಜ ಕಟ್ಟುತ್ತದೆ, ಎರಡನೆಯದು ಸಾಮಾನ್ಯವಾಗಿ ಕಟ್ಟುವುದಿಲ್ಲ, ಬುಡದಲ್ಲಿ ಒಡೆಯುವ ಮರಿಗಳಿಂದ, ಅಂದರೆ ತೆಂಡೆಗಳಿಂದಲೇ ವೃದ್ಧಿಯಾಗುತ್ತದೆ. ಹೀಗಾಗಿ ಮಣ್ಣಿನಿಂದ ಬಂದ ಗುಣ ಯಾವುದು, ತಳಿಯಿಂದ ಬಂದ ಗುಣ ಯಾವುದು ಎಂಬುದನ್ನು ಬಿಡಿಸಿ ನೋಡದ ಹೋಲಿಕೆಗೆ ಅರ್ಥವಿಲ್ಲ.

ಇದಕ್ಕೆ ಎರಡಲ್ಲ, ಮೂರು ಮಾದರಿಗಳು ಬೇಕು. ಕಾಡಿನಲ್ಲೇ ಅಗೆದ ಬೇರು ಒಂದು. ಹೊಲದ ತಳಿಯ ಬೇರು ಇನ್ನೊಂದು. ಅದೇ ಕಾಡಿನ ಬುಡದಿಂದ ತೆಂಡೆ ತಂದು, ಹೊಲದ ತಳಿಯ ಪಕ್ಕದ ಮಡಿಯಲ್ಲಿ ಅದೇ ದಿನ ನೆಟ್ಟು ಬೆಳೆಸಿದ ಬೇರು ಮೂರನೆಯದು. ಅನುಮತಿ ಪಡೆದು ಅಗೆಯಬೇಕು, ಅಗೆದ ಗುಂಡಿಯನ್ನು ಮುಚ್ಚಿ ಒಂದೆರಡು ತೆಂಡೆಗಳನ್ನು ಅಲ್ಲೇ ಊರಿ ಬರಬೇಕು. ಮಡಿಯ ಎರಡೂ ಬೆಳೆಗಳನ್ನು ನೆಟ್ಟ 15ರಿಂದ 18 ತಿಂಗಳಿಗೆ, ಒಣ ಹವೆಯಲ್ಲಿ, ಒಟ್ಟಿಗೇ ಕೀಳಬೇಕು. ಎಳೆಯ ಬೇರಿನ ಎಣ್ಣೆ ತೆಳುವಾಗಿ, ಗುಣದಲ್ಲಿ ಕಡಿಮೆಯಾಗಿರುತ್ತದೆ. ಕಾಡಿನ ಬುಡದ ವಯಸ್ಸು ಮಾತ್ರ ಯಾರಿಗೂ ತಿಳಿದಿರುವುದಿಲ್ಲ. ಮೂರನೆಯ ಮಾದರಿಯನ್ನು ಬಿಡಲಾಗದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಬೇರುಗಳನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಎರಡು ಮೂರು ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ, ಪ್ರತಿ ಮಾದರಿಯಿಂದ 100 ಗ್ರಾಂ ತೂಗಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕ್ಲೆವೆಂಜರ್ ಎಂಬ, ಅಳತೆಯ ಕೊಳವೆಯಿರುವ ಗಾಜಿನ ಉಪಕರಣದಲ್ಲಿ ಬಟ್ಟಿ ಇಳಿಸಬೇಕು. ನಿಂಬೆಹುಲ್ಲಿನ ಎಣ್ಣೆಯಂತೆ ಇದು ಎರಡು ಮೂರು ಗಂಟೆಗಳಲ್ಲಿ ಮುಗಿಯುವ ಕೆಲಸವಲ್ಲ. 18ರಿಂದ 24 ಗಂಟೆ ಬೇಕು, ಬೇಗ ಇಳಿಸಿದರೆ ಪರಿಮಳಕ್ಕೆ ಮೂಲವಾದ ಭಾರದ ಅಂಶಗಳು ಬೇರಿನಲ್ಲೇ ಉಳಿದುಬಿಡುತ್ತವೆ. ಇನ್ನೊಂದು ತೊಡಕೂ ಇದೆ. ಲಾವಂಚದ ಎಣ್ಣೆಯ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ಅದು ಅಳತೆಯ ಕೊಳವೆಯಲ್ಲಿ ಮೇಲೆ ತೇಲಿ ನಿಲ್ಲದೆ, ಒಂದಿಷ್ಟು ತಳಕ್ಕಿಳಿದು, ಉಳಿದದ್ದು ಹನಿಹನಿಯಾಗಿ ನಡುನೀರಿನಲ್ಲಿ ತೂಗಾಡುತ್ತದೆ. ನೀರಿಗಿಂತ ಹಗುರವಾದ ಕ್ಸೈಲೀನ್ ಎಂಬ ದ್ರಾವಕವನ್ನು ಅಳತೆ ಮಾಡಿ 1 ಮಿಲಿಲೀಟರ್ ಮೊದಲೇ ಹಾಕಿದ್ದರೆ ಎಣ್ಣೆ ಅದರಲ್ಲಿ ಕರಗಿ ಮೇಲೆ ನಿಲ್ಲುತ್ತದೆ. ಓದಿದ ಅಳತೆಯಿಂದ ಆ 1 ಮಿಲಿಲೀಟರ್ ಕಳೆದರಾಯಿತು. ಆದರೆ ಕ್ಸೈಲೀನ್ ಸೇರಿದ ಎಣ್ಣೆ ಮುಂದಿನ ಪರೀಕ್ಷೆಗೆ ಬಾರದು, ಅದಕ್ಕಾಗಿ ಬೇರೆಯೇ ಬಟ್ಟಿ ಇಳಿಸಬೇಕು. ಇಳುವರಿಯನ್ನು ಒಣಬೇರಿನ ತೂಕದ ಶೇಕಡಾವಾರು ಲೆಕ್ಕದಲ್ಲಿ, ಮೂರು ಸಲದ ಸರಾಸರಿಯಾಗಿ ಬರೆದುಕೊಳ್ಳಬೇಕು.

ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ. ರೂಹ್ ಖಸ್‌ನ ಹಸಿರು ಛಾಯೆ ಕಾಡಿನ ಕೊಡುಗೆಯಲ್ಲ, ಉತ್ತರ ಪ್ರದೇಶದ ಕನೌಜ್‌ನ ಅತ್ತರು ತಯಾರಕರು ಬಳಸುವ ತಾಮ್ರದ ಹಂಡೆಯದು. ನಂಬಬಹುದಾದದ್ದು ಧ್ರುವಣಮಾಪಕ, ಅಂದರೆ ಪೋಲಾರಿಮೀಟರ್. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಎಣ್ಣೆಯ ಮೂಲಕ ಹಾಯಿಸಿ, ಆ ದಿಕ್ಕು ಎಷ್ಟು ತಿರುಗಿತೆಂದು ಅದು ಅಳೆಯುತ್ತದೆ. ಉತ್ತರದ ಎಣ್ಣೆ ಅದನ್ನು ಎಡಕ್ಕೆ ತಿರುಗಿಸುತ್ತದೆ, ದಕ್ಷಿಣದ್ದು ಬಲಕ್ಕೆ. ಎಣ್ಣೆ ಗಾಢವಾಗಿದ್ದರೆ ಆಲ್ಕೊಹಾಲಿನಲ್ಲಿ ತೆಳುಗೊಳಿಸಿ ನೋಡಬೇಕು. ಅಳತೆ ಸೊನ್ನೆಯ ಹತ್ತಿರ ಬಂದರೆ ಎರಡನ್ನೂ ಬೆರೆಸಿರಬಹುದೆಂದು ಅನುಮಾನಿಸಬೇಕು.

ಕೊನೆಗೆ ಮೂರನ್ನೂ ಪ್ರಯೋಗಾಲಯದಲ್ಲಿ, ಎಣ್ಣೆಯ ಅಂಶಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ ಕೊಡಬೇಕು. ದಕ್ಷಿಣದ ಎಣ್ಣೆಯಲ್ಲಿ ಖುಸಿಮಾಲ್ ಮತ್ತು ವೆಟಿವೋನ್‌ಗಳು, ಉತ್ತರದ್ದರಲ್ಲಿ ಖುಸಿನಾಲ್ ಮತ್ತು ಖುಸಿಲಾಲ್ ಎಂಬ ಅಂಶಗಳು ಎದ್ದು ಕಾಣುತ್ತವೆ. ‘ಖುಸಿ’ ಎಂದು ಶುರುವಾಗುವ ಹೆಸರುಗಳಲ್ಲಿ ಒಂದಕ್ಷರದ ವ್ಯತ್ಯಾಸವಾದ್ದರಿಂದ ವರದಿ ಓದುವಾಗ ಕಣ್ಣು ತಪ್ಪುವುದು ಸುಲಭ. ಮಡಿಯಲ್ಲಿ ಬೆಳೆದ ಕಾಡಿನ ತೆಂಡೆಯ ಎಣ್ಣೆ ಕಾಡಿನ ಬೇರಿನ ಎಣ್ಣೆಯನ್ನೇ ಹೋಲಿದರೆ ವ್ಯತ್ಯಾಸ ತಳಿಯದು; ಹೊಲದ ಎಣ್ಣೆಯ ಕಡೆಗೆ ವಾಲಿದರೆ, ವಾಲಿದಷ್ಟು ಪಾಲು ಮಣ್ಣು, ನೀರು ಮತ್ತು ಬೇರಿನ ವಯಸ್ಸಿನದು.