ಜನವರಿಯ ಹತ್ತು ಡಾಲರ್: ವಿಸ್ಕಾನ್ಸಿನ್‌ನಲ್ಲಿ ಪಕ್ಷಕ್ಕಾಗಿ ದುಡ್ಡು, ಜನ ಕೂಡಿಸಿದ ನನ್ನ ಅನುಭವ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಚುನಾವಣೆ ಅಂದರೆ ಕೂದಲೆಳೆಯ ಲೆಕ್ಕ. 2016ರಲ್ಲಿ ಟ್ರಂಪ್ ಇಲ್ಲಿ ಗೆದ್ದಿದ್ದು 23 ಸಾವಿರಕ್ಕೂ ಕಡಿಮೆ ಮತಗಳಿಂದ. 2018ರಲ್ಲಿ ಡೆಮಾಕ್ರಟಿಕ್ ಪಕ್ಷದ ಟೋನಿ ಎವರ್ಸ್ ಗವರ್ನರ್ (ಇಲ್ಲಿ ಜನರೇ ಆರಿಸುವ ರಾಜ್ಯದ ಮುಖ್ಯಸ್ಥ) ಆದಾಗಲೂ ಅಂತರ 30 ಸಾವಿರದ ಒಳಗೇ. 2020ರಲ್ಲಿ ಬೈಡನ್ ಗೆದ್ದಿದ್ದು 21 ಸಾವಿರದೊಳಗೆ. ಇಂಥ ರಾಜ್ಯದಲ್ಲಿ ಪಕ್ಷದ ಕೆಲಸ ಅಂದರೆ ಭಾಷಣ ಅಲ್ಲ. ಬಿಟ್ಟುಹೋಗುವ ಮತಗಳನ್ನು ಒಂದೊಂದಾಗಿ ಹಿಡಿದು ತರೋದು.

2022ರ ಮಧ್ಯಂತರ ಚುನಾವಣೆಗೆ, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಬರುವ ಚುನಾವಣೆಗೆ, ರಾಜಧಾನಿ ಮ್ಯಾಡಿಸನ್ ಸುತ್ತಮುತ್ತ ಡೆಮಾಕ್ರಟಿಕ್ ಪಕ್ಷದ ರಾಜ್ಯ ಘಟಕಕ್ಕಾಗಿ ನಾನು ಈ ಕೆಲಸ ಮಾಡಿದೆ. ಸಂಬಳವಿಲ್ಲದ ವಾಲಂಟಿಯರ್. ಬೆನ್ ವಿಕ್ಲರ್ 2019ರಲ್ಲಿ ರಾಜ್ಯಾಧ್ಯಕ್ಷರಾದ ಮೇಲೆ ಪಕ್ಷದಲ್ಲಿ ಒಂದು ಹಟ ಬಂದಿತ್ತು: ಚುನಾವಣೆ ಇರಲಿ ಬಿಡಲಿ, ವರ್ಷಪೂರ್ತಿ ಬಡಾವಣೆಗಳಲ್ಲಿ ತಂಡ ಇರಬೇಕು. ಹಾಗಿರಬೇಕು ಅಂದರೆ ವರ್ಷಪೂರ್ತಿ ದುಡ್ಡೂ ಬೇಕು. ನನ್ನ ಪಾಲಿಗೆ ಬಂದದ್ದು ಆ ಭಾಗ.

ಚುನಾವಣೆ ನವೆಂಬರ್ 8ಕ್ಕೆ. ಜನ ಕೈ ಬಿಚ್ಚುವುದು ಅಕ್ಟೋಬರ್‌ನಲ್ಲಿ. ಆ ಹೊತ್ತಿಗೆ ಬಂದ ದುಡ್ಡಲ್ಲಿ ಟಿವಿ ಜಾಹೀರಾತು ಕೊಳ್ಳಬಹುದು, ಅಷ್ಟೇ. ಬಡಾವಣೆ ತಿಳಿದ ಒಬ್ಬ ಆರ್ಗನೈಸರ್‌ನ, ಅಂದರೆ ಜನರನ್ನು ಸಂಘಟಿಸುವ ಸಂಬಳದ ಕಾರ್ಯಕರ್ತನನ್ನು, ಕೊಳ್ಳೋಕಾಗಲ್ಲ. ಅವರನ್ನು ಚಳಿಗಾಲದಲ್ಲೇ ನೇಮಿಸಿ, ಬೇಸಿಗೆಯೊಳಗೆ ಬೀದಿ ಪರಿಚಯ ಆಗಿರಬೇಕು. ಅದಕ್ಕೇ ನಾನು ಎಲ್ಲರ ಹತ್ತಿರ ಕೇಳುತ್ತಿದ್ದುದು ಒಂದೇ: ಜನವರಿಯಿಂದ ತಿಂಗಳಿಗೆ ಹತ್ತೋ ಇಪ್ಪತ್ತೈದೋ ಡಾಲರ್. ತಿಂಗಳ ದುಡ್ಡು ಗೊತ್ತಿದ್ದರೆ ಮಾತ್ರ ಪಕ್ಷ ಧೈರ್ಯವಾಗಿ ಸಂಬಳದ ಜನರನ್ನು ಇಟ್ಟುಕೊಳ್ಳುತ್ತದೆ.

"ದೊಡ್ಡ ದೊಡ್ಡ ಶ್ರೀಮಂತರು ಕೊಡ್ತಾರಲ್ಲ, ನಮ್ಮ ಹತ್ತು ಡಾಲರ್ ಯಾಕೆ?" ಅಂತ ತುಂಬಾ ಜನ ಕೇಳಿದರು. ನ್ಯಾಯವಾದ ಪ್ರಶ್ನೆ. 2015ರ ಕಾನೂನಿನ ನಂತರ ಇಲ್ಲಿ ಒಬ್ಬ ವ್ಯಕ್ತಿ ರಾಜ್ಯ ಪಕ್ಷಕ್ಕೆ ಎಷ್ಟು ಬೇಕಾದರೂ ಕೊಡಬಹುದು. ಪಕ್ಷ ಅದನ್ನು ಗವರ್ನರ್ ಅಭ್ಯರ್ಥಿಗೆ ದಾಟಿಸಲೂಬಹುದು. ಆದರೆ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಸ್ಪರ್ಧೆಯೂ ಅದೇ ಮತಪತ್ರದಲ್ಲಿತ್ತು. ಮತದಾರರನ್ನು ಹೊರಡಿಸುವ ಕೆಲಸದ ದೊಡ್ಡ ಪಾಲು ಆಗ ಫೆಡರಲ್, ಅಂದರೆ ಕೇಂದ್ರದ, ನಿಯಮದ ಕೆಳಗೆ ಬರುತ್ತದೆ. ತಿಂಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಸಮಯ ಅಂಥ ಕೆಲಸಕ್ಕೆ ಕೊಟ್ಟ ಸಿಬ್ಬಂದಿಗೆ ಪಕ್ಷದ ಫೆಡರಲ್ ಖಾತೆಯಿಂದಲೇ ಸಂಬಳ ಕೊಡಬೇಕು. ಆ ಖಾತೆಗೆ ಒಬ್ಬರಿಂದ ವರ್ಷಕ್ಕೆ 10,000 ಡಾಲರ್ ಮಾತ್ರ ತೆಗೆದುಕೊಳ್ಳಬಹುದು. ಮಿಲಿಯನ್ ಡಾಲರ್ ಚೆಕ್ ಅಲ್ಲಿ ನಡೆಯಲ್ಲ. ಹಾಗಾಗಿ ಬಾಗಿಲು ತಟ್ಟುವ ಹುಡುಗನ ಸಂಬಳಕ್ಕೆ ನಮ್ಮಂಥವರ ಹತ್ತು ಡಾಲರೇ ಆಧಾರ. ಇದನ್ನು ಬಿಡಿಸಿ ಹೇಳಿದ ಮೇಲೆ ಯಾರೂ ಆ ಪ್ರಶ್ನೆ ಮತ್ತೆ ಕೇಳಲಿಲ್ಲ.

ಕೇಳುವ ರೀತಿಯೂ ಕಲಿಯಬೇಕಾದದ್ದೇ. ನಮ್ಮವರಿಗೆ ದುಡ್ಡು ಕೇಳೋಕೆ ಸಂಕೋಚ. "ಕೈಲಾದಷ್ಟು ಕೊಡಿ" ಅಂದುಬಿಡುತ್ತೇವೆ. ಹಾಗಂದರೆ ಎದುರಿನವರಿಗೂ ಕಷ್ಟ, ಎಷ್ಟು ಅಂತ ತೋಚಲ್ಲ. "ತಿಂಗಳಿಗೆ 25 ಡಾಲರ್ ಹಾಕ್ತೀರಾ?" ಅಂತ ಕೇಳಿ ಸುಮ್ಮನಾಗಬೇಕು. ಅವರು ಮಾತಾಡುವ ತನಕ ನಾವು ಬಾಯಿ ಬಿಡಬಾರದು. ಇನ್ನೊಂದು, ಗಣೇಶನ ಚಂದಾ ಪುಸ್ತಕದಲ್ಲಿ ಮೇಲಿನ ಸಾಲು ನೋಡಿಯೇ ಕೆಳಗಿನ ಮನೆಯವರು ಬರೆಯೋದು, ಅಲ್ವಾ? ಇಲ್ಲೂ ಹಾಗೇ. ಯಾರ ಮನೆಯಲ್ಲಾದರೂ ಕಾಫಿಗೆ ಸೇರುವ ಮೊದಲೇ ಇಬ್ಬರು ಮೂವರನ್ನು ಒಪ್ಪಿಸಿರುತ್ತಿದ್ದೆ. ಅವರು ಮೊದಲು ಮಾತಾಡಿದರೆ ಉಳಿದವರಿಗೆ ದಾರಿ ಸಲೀಸು.

ಆದರೆ ಕೇಳುವ ಮೊದಲು ವಿಚಾರಿಸಲೇಬೇಕಾದ್ದು ಒಂದಿದೆ. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇದ್ದವರು ಮಾತ್ರ ಚುನಾವಣೆಗೆ ದುಡ್ಡು ಕೊಡಬಹುದು. ಎಚ್‌1ಬಿ ವೀಸಾದಲ್ಲಿ ಇರುವವರು ಒಂದು ಡಾಲರ್ ಕೂಡ ಕೊಡುವ ಹಾಗಿಲ್ಲ, ಎಷ್ಟೇ ವರ್ಷ ಇಲ್ಲಿ ತೆರಿಗೆ ಕಟ್ಟಿರಲಿ. ಇನ್ನೊಬ್ಬರ ಹೆಸರಲ್ಲಿ ಕೊಡುವುದೂ ಅಪರಾಧ. ಒಂದು ಮನೆಯಲ್ಲಿ ಊರಿಂದ ಬಂದಿದ್ದ ಮಾವನವರು ಪ್ರೀತಿಯಿಂದ ನೋಟು ತೆಗೆದು ಕೈಗಿಟ್ಟರು. "ನಿಮ್ಮ ಆಶೀರ್ವಾದ ಸಾಕು ಅಂಕಲ್" ಅಂತ ವಾಪಸ್ ಕೊಟ್ಟೆ. ಮಗನ ಕ್ರೆಡಿಟ್ ಕಾರ್ಡಿಂದ ಹಾಕಿಸೋಣ ಅಂದರು, ಅದೂ ಆಗಲ್ಲ ಅಂದೆ. ವೀಸಾದಲ್ಲಿರುವ ಗೆಳೆಯರು ಸಂಬಳವಿಲ್ಲದೆ ವಾಲಂಟಿಯರ್ ಆಗಬಹುದು. ನಮ್ಮ ತಂಡದಲ್ಲಿ ಫೋನ್ ಮಾಡುವುದರಲ್ಲಿ ಅವರೇ ಮುಂದು. ಮತ ಹಾಕಲಾಗದವರು ಬೇರೆಯವರ ಮತಕ್ಕಾಗಿ ಸಂಜೆಗಳನ್ನು ಕೊಟ್ಟರು. ಅವರ ಮೇಲೆ ನನಗಿರುವ ಗೌರವ ಇಷ್ಟು ಅಂತ ಹೇಳಕ್ಕಾಗಲ್ಲ.

ಬಾಗಿಲು ತಟ್ಟುವ ಕೆಲಸ ಬೇಸಿಗೆಯಲ್ಲಿ ಬಿರುಸಾಯಿತು. ಫೋನಲ್ಲಿ ಮಿನಿವ್ಯಾನ್ ಆ್ಯಪ್, ಅದರಲ್ಲಿ ಬೀದಿಯ ಪಟ್ಟಿ. ನಾವು ಮುಖ್ಯವಾಗಿ ಹುಡುಕಿದ್ದು ಅಧ್ಯಕ್ಷರ ಚುನಾವಣೆಗೆ ಮತ ಹಾಕಿ ಮಧ್ಯಂತರಕ್ಕೆ ಮನೆಯಲ್ಲೇ ಉಳಿಯುವವರನ್ನು. ಹೊಸದಾಗಿ ಪ್ರಜೆಗಳಾದ ಭಾರತೀಯರಲ್ಲಿ ಇಂಥವರು ಬೇಕಾದಷ್ಟು ಸಿಕ್ಕರು. ಕರಪತ್ರವನ್ನು ಅಂಚೆ ಡಬ್ಬಿಗೆ ಹಾಕುವಂತಿಲ್ಲ, ಕಾನೂನು ಬಿಡಲ್ಲ. ಬಾಗಿಲಿಗೇ ಸಿಕ್ಕಿಸಬೇಕು.

ಆ ವರ್ಷ ಅಂಚೆ ಮತದ ನಿಯಮಗಳು ಬಿಗಿಯಾದವು. ಜುಲೈನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಮತಪತ್ರದ ಲಕೋಟೆ ಹಾಕಲು ಇಟ್ಟಿದ್ದ ಡ್ರಾಪ್ ಬಾಕ್ಸ್ ಬಳಸುವಂತಿಲ್ಲ ಅಂದಿತು. ಅಂಚೆ ಮತದ ಲಕೋಟೆಯ ಮೇಲೆ ಒಬ್ಬ ಸಾಕ್ಷಿಯ ಸಹಿ, ವಿಳಾಸ ಇರಬೇಕು. ಸೆಪ್ಟೆಂಬರ್‌ನಲ್ಲಿ ವಾಕೆಶಾ ಕೌಂಟಿಯ ನ್ಯಾಯಾಧೀಶರು, ಲಕೋಟೆಯ ಮೇಲೆ ಸಾಕ್ಷಿಯ ವಿಳಾಸದಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಚುನಾವಣೆ ನಡೆಸುವ ಊರಿನ ಕ್ಲರ್ಕ್ ಅದನ್ನು ತುಂಬಬಾರದು ಅಂದರು. ಅಷ್ಟು ಸಣ್ಣ ವಿಷಯಕ್ಕೆ ಮತ ತಿರಸ್ಕೃತವಾಗಬಹುದಿತ್ತು.

ಒಂದು ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರಿದ್ದರು, ಹಾಸನದ ಕಡೆಯವರು. ಮಗನಿಂದಾಗಿ ಇಲ್ಲಿಗೆ ಬಂದು ಪ್ರಜೆಯಾದವರು. "ನಮ್ಮನೇಲಿ ಅವನು ಹಾಕ್ತಾನಲ್ಲ, ನಾನ್ಯಾಕಮ್ಮ?" ಅಂದರು. ನಿಮ್ಮ ಮತ ಅವರ ಮತದಷ್ಟೇ ತೂಕದ್ದು ಅಂತ ಕೂತು ಮಾತಾಡಿದೆ. ಅಂಚೆಯಲ್ಲಿ ಮತಪತ್ರ ಬಂದಾಗ ಮಗ ಊರಲ್ಲಿರಲಿಲ್ಲ. ಸೊಸೆಯದು ಗ್ರೀನ್ ಕಾರ್ಡ್, ಸಾಕ್ಷಿ ಹಾಕಲು ಬರಲ್ಲ, ಸಾಕ್ಷಿಯೂ ಅಮೆರಿಕದ ವಯಸ್ಕ ಪ್ರಜೆಯೇ ಆಗಿರಬೇಕು. ಕೊನೆಗೆ ನಾನೇ ಹೋದೆ. ಖಾಲಿ ಮತಪತ್ರ ತೋರಿಸಿದರು. ಆಮೇಲೆ ನಾನು ಮುಖ ತಿರುಗಿಸಿ ಕೂತೆ, ಯಾರಿಗೆ ಹಾಕಿದರು ಅಂತ ಸಾಕ್ಷಿ ನೋಡಬಾರದು. ಮಡಚಿ ಲಕೋಟೆಗೆ ಹಾಕಿ, ಸಹಿ ಮಾಡಿದರು. ಕೆಳಗೆ ನನ್ನ ಸಹಿ, ಮನೆ ನಂಬರ್, ಬೀದಿ, ಊರು, ಎಲ್ಲ ಬಿಡಿಸಿ ಬರೆದೆ. ಆ ಬೀದಿಯ ಉಳಿದ ಮನೆಗಳಿಗೂ ಅವತ್ತೇ ಹೋಗಿ ವಿಳಾಸದ ಸಾಲನ್ನು ಬೆರಳಿಟ್ಟು ತೋರಿಸಿ ಬಂದೆ.

ಫಲಿತಾಂಶ ಬಂತು. ಎವರ್ಸ್ ಸುಮಾರು 90 ಸಾವಿರ ಮತಗಳಿಂದ ಗೆದ್ದರು. ಸೆನೆಟ್‌ಗೆ ನಿಂತ ನಮ್ಮ ಮಂಡೇಲಾ ಬಾರ್ನ್ಸ್ ಸುಮಾರು 27 ಸಾವಿರದಲ್ಲಿ ಸೋತರು, ಅದು ಇವತ್ತಿಗೂ ನೋವು. ರಾಜ್ಯದ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಇದ್ದರೆ ಗವರ್ನರ್ ವೀಟೊ (ಮಸೂದೆ ತಡೆಯುವ ಅಧಿಕಾರ) ಮೀರಬಹುದು. ಮೇಲ್ಮನೆಯಾದ ರಾಜ್ಯ ಸೆನೆಟ್‌ನಲ್ಲಿ ರಿಪಬ್ಲಿಕನ್ನರಿಗೆ ಅಷ್ಟು ಸಿಕ್ಕಿತು. ಆದರೆ ಕೆಳಮನೆಯಾದ 99 ಸ್ಥಾನಗಳ ಅಸೆಂಬ್ಲಿಯಲ್ಲಿ 66 ಬೇಕಿತ್ತು, 64ಕ್ಕೆ ನಿಂತರು. ಗವರ್ನರ್ ವೀಟೊ ಉಳಿದುಕೊಂಡಿದ್ದು ಆ ಎರಡು ಸ್ಥಾನಗಳಿಂದ.

ಮುಂದಿನ ವಾರ ತಿಂಗಳ ದೇಣಿಗೆದಾರರಿಗೆಲ್ಲ ಫೋನ್ ಮಾಡಿದೆ. ಥ್ಯಾಂಕ್ಸ್ ಹೇಳಿ, ಈ ಎರಡು ಸ್ಥಾನಗಳ ಲೆಕ್ಕ ವಿವರಿಸಿ, ಏಪ್ರಿಲ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ಚುನಾವಣೆ ಇದೆ (ಇಲ್ಲಿ ಅವರನ್ನೂ ಜನರೇ ಆರಿಸುತ್ತಾರೆ), ದೇಣಿಗೆ ನಿಲ್ಲಿಸಬೇಡಿ ಅಂತ ಕೇಳಿಕೊಂಡೆ.