ಹಾರುವ ಟ್ಯಾಕ್ಸಿಗಳನ್ನು ಗುಂಪು ಮಾಡುವುದು ಹೇಗೆ?

ಕುಮಟಾದಿಂದ ಸಿರ್ಸಿಗೆ ದೇವಿಮನೆ ಘಾಟಿ ಹತ್ತುವವರಿಗೆ ಕರೆಂಟಿನ ಹಾರುವ ಟ್ಯಾಕ್ಸಿ ಬಂದರೆ ಎಷ್ಟು ಚೆಂದ, ಅಲ್ವಾ? ಆದರೆ ಎಲ್ಲವನ್ನೂ ಸುಮ್ನೆ ಡ್ರೋನ್ ಅನ್ನಬೇಡಿ.

ಮೊದಲು ರೆಕ್ಕೆ ನೋಡಿ. ರೆಕ್ಕೆ ಇಲ್ಲದೆ ಬರೀ ರೋಟರ್ (ಫ್ಯಾನಿನ ಹಾಗೆ ತಿರುಗುವ ಅಲಗುಗಳು) ಇದ್ದರೆ ಅದು ಮಲ್ಟಿಕಾಪ್ಟರ್, ಮೊದಲ ಗುಂಪು. ಹಾರುವಷ್ಟು ಹೊತ್ತೂ ರೋಟರ್‌ಗಳೇ ಭಾರ ಹೊರಬೇಕು, ಬ್ಯಾಟರಿ ಬೇಗ ಮುಗಿಯುತ್ತದೆ, ಹಾಗಾಗಿ ಜಾಸ್ತಿ ದೂರ ಹೋಗುವುದಿಲ್ಲ. ನನ್ನ ಪ್ರಕಾರ ಘಾಟಿಗೆ ರೆಕ್ಕೆಯದೇ ಸರಿ. ರೆಕ್ಕೆ ಇದ್ದರೆ, ರೋಟರ್ ಮುಂದಕ್ಕೆ ವಾಲುತ್ತದಾ ನೋಡಿ. ವಾಲಿದರೆ ಅದು ಎರಡನೇ ಗುಂಪು: ಅಮೆರಿಕದ ಜೋಬಿ ಕಂಪನಿಯ ಟ್ಯಾಕ್ಸಿಯ ಆರು ರೋಟರ್‌ಗಳು ಹೀಗೆ ವಾಲುತ್ತವೆ. ವಾಲದೆ, ಏರಲು ಬೇರೆ, ಮುಂದೆ ಸಾಗಲು ಬೇರೆ ರೋಟರ್ ಇದ್ದರೆ ಅದು ಮೂರನೇ ಗುಂಪು.

ಪೈಲಟ್ ಇದ್ದಾರಾ ಅನ್ನುವುದನ್ನು ಬೇರೆಯಾಗಿಯೇ ಬರೆದುಕೊಳ್ಳಿ, ಆಕಾರದ ಜೊತೆ ಬೆರೆಸಬೇಡಿ: ಚೀನಾದಲ್ಲಿ 2023ರಲ್ಲಿ ಮಾನ್ಯತೆ ಪಡೆದ ಇಹ್ಯಾಂಗ್ ಕಂಪನಿಯ ಇಬ್ಬರು ಕೂರುವ ಮಲ್ಟಿಕಾಪ್ಟರ್‌ನಲ್ಲಿ ಪೈಲಟ್ ಇಲ್ಲ, ಜೋಬಿಯದರಲ್ಲಿ ಒಬ್ಬರು ಇರುತ್ತಾರೆ.